ಬಿಳಿ ಹಲಗೆ

ಹೊಸ ಹಲಗೆಯನ್ನು ಹಳೆಯದರ ಪಕ್ಕಕ್ಕಿಟ್ಟದ್ದೇ ತಪ್ಪಾಯಿತು. ಒಂಟಿಯಾಗಿದ್ದಾಗ ಬೆಳ್ಳಗಿದ್ದ ಹಳೆಯದು ಕ್ಷಣಾರ್ಧದಲ್ಲಿ ಮುದಿ ಹಲ್ಲಿನ ಬಣ್ಣಕ್ಕೆ ತಿರುಗಿತು.

ಗೋಪುರದ ತುದಿಯಲ್ಲಿ, ಮರಗಳ ನೆತ್ತಿಯ ಮೇಲೆ, ವಿಜ್ಞಾನಿ ಹಾಗೇ ಕುಕ್ಕರಿಸಿದ. ಪ್ರತಿ ಮಧ್ಯಾಹ್ನ ಬಿಳಿ ಹಲಗೆಯನ್ನು ಉಪಕರಣದ ಕಣ್ಣಿಗೆ ಹಿಡಿದು, ಇಂದಿನ ಬಿಸಿಲು ಇಷ್ಟೆಂದು ಅದಕ್ಕೆ ತಿಳಿಸುವುದು; ಆಮೇಲೆ ಎಲೆಗಳು ಹಿಂದಿರುಗಿಸಿದ ಬೆಳಕನ್ನು ಹಲಗೆಯ ಬೆಳಕಿನೊಡನೆ ಹೋಲಿಸಿ, ಕಾಡು ಗಾಳಿಯಿಂದ ಎಷ್ಟು ಇಂಗಾಲ ಹೀರಿತೆಂದು ಅಂದಾಜು ಮಾಡುವುದು. ಏಳು ವರ್ಷ ಹಲಗೆ ಮಂಕಾಗುತ್ತ ಹೋಗಿತ್ತು. ಅದರೆದುರು ಏಳು ವರ್ಷ ಕಾಡು ಕಾಗದದ ಮೇಲೆ ಹೊಳೆಯುತ್ತ ಹೋಗಿತ್ತು.

ಕೆಳಗೆ ನೋಡಿದ. ಬೋಳು ಕೊಂಬೆಗಳು ಇಂದು ಹುಟ್ಟಿದವಲ್ಲ.

ಹೆಂಡತಿ ಎರಡನೇ ವರ್ಷವೇ ಹೇಳಿದ್ದಳು. ಆಗ ಅವಳೂ ಇದೇ ಕೆಲಸದಲ್ಲಿದ್ದಳು. ಏಣಿ ಹತ್ತಿ, ಒಂದೊಂದೇ ಎಲೆಗೆ ಪುಟ್ಟ ಗಾಜಿನ ಡಬ್ಬಿ ಕಚ್ಚಿಸಿ, ಅದರ ಉಸಿರನ್ನು ಅಳೆಯುತ್ತಿದ್ದಳು. ಅವಳ ಅಂಕಿಗಳು ಇಳಿಯುತ್ತಿದ್ದವು, ಇವನವು ಏರುತ್ತಿದ್ದವು.

“ನಿಮ್ಮ ಹಲಗೆ ಬೆಳ್ಳಗಿಲ್ಲ ಕಣ್ರೀ,” ಅಂದಿದ್ದಳು, ಎಲ್ಲರೆದುರಿಗೆ.

“ಅಡುಗೆಮನೆ ಕಣ್ಣಲ್ಲಿ ನೋಡಿದರೆ ಹಾಗೇ ಕಾಣೋದು,” ಇವನು ಅಂದಿದ್ದ.

ಸಭೆ ನಕ್ಕಿತ್ತು. ಮರುವಾರ ಅವಳ ಏಣಿ ಉಗ್ರಾಣ ಸೇರಿತು. ತಿಂಗಳೊಳಗೆ ಅವಳು ಮನೆ ಸೇರಿದಳು.

ಕೆಳಗಿಳಿದಾಗ ಕಾವಲುಗಾರ ಕೇಳಿದ: “ಹೊಸದು ಹೇಗಿದೆ ಸಾರ್?”

“ತುಂಬಾ ಬೆಳ್ಳಗಿದೆ.”

“ಒಳ್ಳೇದಾಯ್ತಲ್ಲ?”

“ನೋಡಬೇಕು.”

ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದ. ಹೇಳಿಬಿಡಬೇಕು. ದಾರಿಯುದ್ದಕ್ಕೂ ವಾಕ್ಯ ಕಟ್ಟಿದ, ಕೆಡವಿದ. ವರದಿಗಳನ್ನು ಹಿಂದಕ್ಕೆ ಪಡೆಯಬಹುದಿತ್ತು. ಅವಳನ್ನು ಮತ್ತೆ ಆ ಏಣಿಯ ಮೇಲೆ ನಿಲ್ಲಿಸುವುದು ಹೇಗೆ?

ಅವಳು ಸೊಪ್ಪು ಬಿಡಿಸುತ್ತ ಕೂತಿದ್ದಳು. “ಕಾಡು ಹೇಗಿದೆ?” ದಿನವೂ ಕೇಳುವ ಪ್ರಶ್ನೆ.

“ಚೆನ್ನಾಗಿದೆ.” ನಾಲಿಗೆ ತಾನಾಗಿ ಹೊರಳಿತ್ತು. ಹಳೆಯ ಹಲಗೆಯನ್ನು ತೆಗೆದು ಮೇಜಿನ ಮೇಲಿಟ್ಟ. “ಇದನ್ನೊಮ್ಮೆ ನೋಡು.”

ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಬೆಳ್ಳಗೇ ಇದೆಯಲ್ಲ.”

“ಸರಿಯಾಗಿ ನೋಡು.”

“ನೋಡಿದೆನಲ್ಲ. ಅಡುಗೆಮನೆ ಕಣ್ಣಲ್ಲಿ.”

ಚುಚ್ಚಿದಳೋ, ಕ್ಷಮಿಸಿದಳೋ, ಇಲ್ಲ ನಿಜಕ್ಕೂ ಬೆಳ್ಳಗೇ ಕಂಡಿತೋ, ತಿಳಿಯಲಿಲ್ಲ. ಹೊಸ ಹಲಗೆಯನ್ನು ಅದರ ಪಕ್ಕದಲ್ಲಿಟ್ಟರೆ ಸಾಕಿತ್ತು. ಚೀಲದೊಳಗೆ ಹೋದ ಕೈ ಅಲ್ಲೇ ಉಳಿಯಿತು.

ಮೇಜಿನಾಚೆ ಬಿದ್ದಿದ್ದ ಎಲೆಯೊಂದನ್ನು ಹೆಕ್ಕಲು ಅವಳು ಬಾಗಿದಳು. ಸಡಿಲವಾಗಿದ್ದ ಜಡೆ ಹೆಗಲಿನಿಂದ ಜಾರಿ ಹಲಗೆಯ ಮೇಲೆ ಬಿತ್ತು. ಏಳು ವರ್ಷಗಳಲ್ಲಿ ಇವನು ಒಮ್ಮೆಯೂ ಗಮನಿಸದ ಕೂದಲು. ಅದರ ಪಕ್ಕದಲ್ಲಿ ಹಲಗೆ ಹಳದಿಯಾಗಿತ್ತು.