ಓದದೆ ಉಳಿದ ನಾಲ್ಕು ಓಳಿ

ಮೂರನೆಯ ಗಂಟನ್ನೂ ಬಿಚ್ಚಿದಳು ಪ್ರಿಯಂವದಾ. ಅದರೊಳಗೂ ಕಾಗದಗಳೇ.

"ಸಿಕ್ತೇನ ಅಕ್ಕಾ?" ಪಡಸಾಲೆಯಿಂದ ತಮ್ಮ ಸಂಜೀವ ಕೇಳಿದ. "ಭಟ್ಟರು ಕಾಯ್ಲಿಕ್ಕೆ ಹತ್ಯಾರ. ಅಪ್ಪಗ ಹೊಚ್ಚಲಿಕ್ಕೆ ಒಂದು ಬಿಳೇ ಧೋತರ ಇಲ್ಲೇನು ಈ ಮನ್ಯಾಗ?"

"ಇದ್ದದ್ದನ್ನೆಲ್ಲಾ ಹರದು ಕಾಗದಕ್ಕ ಸುತ್ಯಾರೋ. ಮೈಮ್ಯಾಲೆ ಒಂದು, ಹಗ್ಗದ ಮ್ಯಾಲೆ ಒಂದು. ಉಳದದ್ದೆಲ್ಲಾ ಇಲ್ಲೇ ಕಪಾಟಿನ್ಯಾಗ ಅವ. ಯಾರನ್ನರ ಅಂಗಡಿಗೆ ಕಳಸು."

ಕಪಾಟಿನ ತುಂಬ ಬಿಳಿ ಗಂಟುಗಳು ಒಂದರ ಮೇಲೊಂದು ಕುಳಿತಿದ್ದವು. ಮನೆತನದ ಕುಲಕರ್ಣಿಕೆಯ ಕಾಲದ ಕಾಗದಪತ್ರಗಳು. ತಂದೆ ದಿಗಂಬರರಾಯರು ಬೆಳಿಗ್ಗೆ ಐದೂವರೆಗೆ ನೀರು ಕೇಳಿ, ಅರ್ಧ ಲೋಟ ಕುಡಿದು, ಉಳಿದದ್ದನ್ನು ಹಾಗೆಯೇ ಬಿಟ್ಟು ಹೋಗಿದ್ದರು. ಎಂಬತ್ತನಾಲ್ಕು ವರ್ಷ. ರಾಮದುರ್ಗದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಊರು ಮಾತ್ರ ಅವರನ್ನು ಗುಮಾಸ್ತರೆಂದು ಕರೆಯಲಿಲ್ಲ. ಮೋಡಿ ರಾಯರು ಎಂದಿತು. ಪೇಶ್ವೆಯರ ಕಾಲದಿಂದ ಈ ಸೀಮೆಯ ಮರಾಠಿ ಕಾಗದಗಳನ್ನೆಲ್ಲ ಕೈ ಎತ್ತದೆ ಬರೆದ ಓಟದ ಲಿಪಿ ಮೋಡಿ. ಬರೆದವರ ಮೊಮ್ಮಕ್ಕಳಿಗೇ ಅದು ಓದಲು ಬರುತ್ತಿರಲಿಲ್ಲ. ಸವದತ್ತಿ, ಬೈಲಹೊಂಗಲ, ದೊಡವಾಡದ ಕಡೆಯಿಂದ ಜನ ಕಾಗದವನ್ನು ಹೊಟ್ಟೆಗವಚಿಕೊಂಡು ಈ ಮನೆಗೆ ಬರುತ್ತಿದ್ದರು.

ಹೊರಗೆ ಕಟ್ಟೆಯ ಮೇಲೆ ಹಿಟ್ಟಿನ ಗಿರಣಿಯ ಮಡಿವಾಳೆಪ್ಪ ಅದನ್ನೇ ಹೇಳುತ್ತಿದ್ದ.

"ನಮ್ಮಪ್ಪನ್ನ ಕೂಡ ನಾನೂ ಬಂದಿದ್ನಿ. ರಾಯರು ಕಾಗದ ಇಸಗೊಂಡ್ರು. ಚಾ ಕುಡದ್ರು. ಮನಸಿನ್ಯಾಗ ಓದಿಕೊಂಡ್ರು. ನಾವು ಬಾಯಿ ತಕ್ಕೊಂಡು ಅವರ ಹುಬ್ಬು ನೋಡಕೋತ ಕುಂತೇವಿ. ಎಲ್ಲಾ ಓದಿ ಏನಂದ್ರು ಹೇಳ್ರಿ?"

"'ಇದು ಯಾಕ ಬೇಕಾಗಿತ್ತು ನಿಮಗ?'" ಎಂದ ನೇಕಾರ ಸೋಮಪ್ಪ. "ಎಲ್ಲಾರಿಗೂ ಅದ ಕೇಳತಿದ್ರು."

"ಹಾಂ! ನಮ್ಮಪ್ಪ ಸುಮ್ನರೀ ಅಂದ. ಸುಮ್ನ ಆದ್ರ ಮನಿಗೆ ಒಯ್ಯಿ ಅಂದ್ರು. ಕಡೀಕ ಬಾವಿ ಜಗಳ ಅಂತ ಬಾಯಿ ಬಿಟ್ಟ ನೋಡ್ರಿ, ಅವಾಗ ಓದಿದ್ರು."

ನಕ್ಕವರು ಒಳಗೆ ಹೆಣವಿರುವುದು ನೆನಪಾಗಿ ಕೆಮ್ಮಿದರು.

ಧಾರವಾಡದಿಂದ ಕಾರಿನಲ್ಲಿ ಬಂದವನು ಮುಕುಂದ, ರಾಯರ ತಂಗಿಯ ಮಗ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾನೆ. ಸೋದರಮಾವನ ಕಾಲಿಗೆ ನಮಸ್ಕರಿಸಿ, ಕಣ್ಣೊರೆಸಿಕೊಂಡು, ನೇರ ಕಪಾಟಿನ ಕೋಣೆಗೆ ಬಂದ.

"ಪ್ರಿಯಕ್ಕ, ಮಾಮಾನ ನೋಟ್‌ಬುಕ್ ಎಲ್ಲೆ ಅವ?"

"ಮುಕುಂದಾ, ಅವರಿನ್ನೂ ಮನ್ಯಾಗ ಇದ್ದಾರ."

ಅವನು ತಲೆ ತಗ್ಗಿಸಿದ. ಆದರೂ ಹೇಳಿದ: "ತಪ್ಪು ತಿಳೀಬ್ಯಾಡ. ಇಂದು ನಾ ಕೇಳಲಿಲ್ಲಂದ್ರ ನಾಳೆ ಗೆದ್ದಲು ಕೇಳ್ತಾವ. ಗಂಟೆಲ್ಲಾ ಧಾರವಾಡಕ್ಕ ಒಯ್ದು ಫೋಟೋ ತಗಸ್ತೀನಿ. ನೋಟ್‌ಬುಕ್ಕಿನ್ಯಾಗ ಮಾಮಾಗ ಬರಲಾರದ ಓಳಿ ಸಾಲಿಗೆ ಸಾಲು ಅವ. ಕನ್ನಡದಾಗ ಬರಕೋತ ಬಂದು ನಡುವ ಮೂರು ಓಳಿ, ನಾಕು ಓಳಿ ಹಂಗ ಮೋಡಿಯೊಳಗ ನಕಲು ಮಾಡಿ ಬಿಟ್ಟಾರ. ನನ್ನ ಪ್ರಬಂಧದಾಗ ಅಲ್ಲೆಲ್ಲಾ 'ಅಸ್ಪಷ್ಟ' ಅಂತ ಹಾಕೀನಿ. ಪುಣೆಯೊಳಗ ಓದೋರು ಇದ್ದಾರ. ಕಳಿಸಿದ್ರ ಆತು, ಪುಸ್ತಕ ಪೂರ್ತಿ ಆಗ್ತದ. ಮಾಮಾನ ಹೆಸರಿಲೇ ತರೋಣ."

ಅವನ ಆಸೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪ್ರಿಯಂವದಾ ಬಿಚ್ಚಿದ ಗಂಟನ್ನು ಮತ್ತೆ ಕಟ್ಟತೊಡಗಿದಳು. ಊರು ಊರುಗಳಿಂದ ಬಂದ ಕಾಗದಗಳನ್ನು ತಂದೆ ಓದಿ ಅವರವರ ಕೈಗೇ ವಾಪಸು ಕೊಡುತ್ತಿದ್ದರು. ಕನ್ನಡದ ಸಾರ ಮಾತ್ರ ನೋಟ್‌ಬುಕ್ಕಿನಲ್ಲಿ ಉಳಿಯುತ್ತಿತ್ತು. ಅಂಥ ನೋಟ್‌ಬುಕ್ಕುಗಳು ಹನ್ನೊಂದು. ಅವು ಎಲ್ಲಿವೆಯೆಂದು ಅವಳಿಗೆ ಗೊತ್ತಿತ್ತು. ಗಂಟು ಬಿಗಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗಂಡಹೆಂಡಿರಿಬ್ಬರು ಚಪ್ಪಲಿ ಬಿಟ್ಟರು. ಮನೋಳಿಯ ಸಂಗಪ್ಪ ಮತ್ತು ಅನ್ನಪೂರ್ಣಾ. ಮೂವತ್ತೈದು ವರ್ಷಗಳಿಂದ ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬಂದು ರಾಯರನ್ನು ಕಂಡು ಹೋಗುತ್ತಿದ್ದವರು. ಅನ್ನಪೂರ್ಣಾ ಸೀದಾ ಹೋಗಿ ರಾಯರ ಹೆಂಡತಿ ಇಂದಿರಾಬಾಯಿಯ ಪಕ್ಕ ಕುಳಿತು ಆಕೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಸಂಗಪ್ಪ ರಾಯರ ಪಾದದ ಬಳಿ ನೆಲಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ. ಎದ್ದ ಮೇಲೆ ಹಿತ್ತಲ ಬಾಗಿಲ ಕಡೆ ನೋಡಿ, ಪ್ರಿಯಂವದಾಳಿಗೆ "ಅಕ್ಕಾರ, ಒಂದ ಮಾತೈತ್ರಿ" ಎಂದ.

*

ಪ್ರಿಯಂವದಾಳಿಗೆ ಆಗ ಹದಿನೇಳು. ಮೋಡಿ ಕಲಿಯುತ್ತಿದ್ದ ದಿನಗಳು. ಸಂಜೀವ ಕ್ರಿಕೆಟ್ಟಿಗೆ ಓಡಿಹೋಗುತ್ತಿದ್ದ. ಇವಳು ತಂದೆಯ ಎಡಕ್ಕೆ ಪಾಟಿ ಹಿಡಿದು ಕೂರುತ್ತಿದ್ದಳು. ಬಂದವರ ಕಾಗದವನ್ನು ಓದಿ ಮುಗಿಸಿದ ಮೇಲೆ ತಂದೆ ಅದನ್ನು ಅವಳತ್ತ ಸರಿಸುತ್ತಿದ್ದರು. ಅವಳು ಒಂದು ಓಳಿಯನ್ನಾದರೂ ಬಿಡಿಸಿ ಓದಿ ತೋರಿಸಬೇಕು. ತಪ್ಪಿದರೆ ಬೈಯುತ್ತಿರಲಿಲ್ಲ. ಬೆರಳಿಂದ ಆ ಅಕ್ಷರದ ಕೆಳಗೆ ಮೆಲ್ಲಗೆ ಬಡಿಯುತ್ತಿದ್ದರು, ಅಷ್ಟೆ.

ಆ ಮಧ್ಯಾಹ್ನ ಮನೋಳಿಯಿಂದ ಬಂದ ಹುಡುಗನಿಗೆ ಇಪ್ಪತ್ತಮೂರಿರಬೇಕು. ಇಸ್ತ್ರಿ ಮಾಡಿದ ಅಂಗಿ, ಕಾಲ ತುಂಬ ಧೂಳು.

ತಂದೆ ಓದಿಕೊಂಡರು. ಕಾಗದದ ಕೊನೆಗೆ ಬಂದು ಮತ್ತೆ ನಡುವಿಗೆ ಹೋದರು.

"ಇದು ಯಾಕ ಬೇಕಾಗಿತ್ತು ನಿನಗ?"

"ಮದುವಿ ಐತ್ರಿ ನಂದು. ಪಕ್ಕದ ಮನಿ ಹುಡಿಗಿ. ಈ ಹಳೇ ಕಾಗದದಾಗ ಅವ್ರ ಮನೆತನದ ಹೆಸರೂ ಐತಂತ್ರಿ. ಜಗಳ ಗಿಗಳ ಇದ್ರ ಮೊದಲ ತಿಳಕೊಂಬಾ ಅಂತ ನಮ್ಮಪ್ಪ ಕಳಸ್ಯಾನ್ರಿ."

"ಹುಡಿಗೀನ್ನ ನೋಡೀಯೇನು?"

"ದಿನಾ ನೋಡತೇನ್ರಿ. ಹೊಳಿಗೆ ಬರತಾಳ." ಎಂದವನು ಕಿವಿಯ ತುದಿಯವರೆಗೆ ಕೆಂಪಾದ.

ತಂದೆ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಆ ದಿನ ಅದನ್ನು ಎಷ್ಟು ಹೊತ್ತು ಒರೆಸಿದರೆಂದರೆ ಪ್ರಿಯಂವದಾ ಪಾಟಿಯಿಂದ ತಲೆಯೆತ್ತಿ ನೋಡಿದಳು.

"ಜಗಳ ಇಲ್ಲ," ಎಂದರು ಕೊನೆಗೆ. "ಧಾತು ಸಂವತ್ಸರದ ಬರಗಾಲ. ಅವರ ಮನಿಯವರು ನಿಮ್ಮ ಮನಿಗೆ ಜೋಳ ಕೊಟ್ಟಾರ. ಎರಡೂ ಮನೆತನದ ನಡುವ ಭಾಳ ಪ್ರೀತಿ ಇತ್ತು. ಇಲ್ಲಿಂದ ಮುಂದ ನಾಕು ಓಳಿ ಹುಳ ತಿಂದಾವ. ಕಡೀಕ ಸಾಕ್ಷಿದಾರರ ಸಹಿ."

ಪ್ರಿಯಂವದಾ ಕೈ ಚಾಚಿದಳು. ತಂದೆ ಕಾಗದವನ್ನು ಅವಳಿಗೆ ಕೊಡಲಿಲ್ಲ. ಮಡಚಿ ಹುಡುಗನ ಕೈಗಿಟ್ಟರು.

"ಹೋಗು, ಇವಗ ಒಂದು ಚಾ ತಾ. ಮದಲಿಂಗ ಆಗಾವ ಇದ್ದಾನ."

*

ಹಿತ್ತಲಲ್ಲಿ ಸಂಗಪ್ಪ ಕೈಚೀಲದಿಂದ ಪ್ಲಾಸ್ಟಿಕ್ ಹೊದಿಕೆ ತೆಗೆದು, ಅದರೊಳಗಿನ ಕಾಗದವನ್ನು ಬಿಚ್ಚಿ, ಬೆಳಕಿಗೆ ಅಡ್ಡವಾಗಿ ಎತ್ತಿ ಹಿಡಿದ. ಹಳದಿಯಾಗಿತ್ತು. ಮಡಿಕೆಗಳಲ್ಲಿ ಸವೆದಿತ್ತು. ಆದರೆ ಎಲ್ಲಿಯೂ ಒಂದು ತೂತಿರಲಿಲ್ಲ.

"ಅವತ್ತ ಹೋಗಬೇಕಾದ್ರ ಬಸ್ಸಿನ್ಯಾಗ ಬಿಚ್ಚಿ ನೋಡಿದ್ನಿ ಅಕ್ಕಾರ. ಎಲ್ಲಾ ಓಳಿ ಹ್ಯಾಂಗಿದ್ದುವು ಹಾಂಗ ಅದಾವು."

"ಮೂವತ್ತೈದು ವರ್ಷ ಕೇಳಲಿಲ್ಲ ನೀವು?"

"ಕೇಳಿದ್ರ ಹೇಳಿಬಿಡತಿದ್ರು ರಾಯರು. ಹೇಳಿಸಿಕೊಂಡು ನಾ ಯಾವ ಮನಿಗೆ ಹೋಗಲಿ?" ಸಂಗಪ್ಪ ಧ್ವನಿ ತಗ್ಗಿಸಿದ. "ಮದುವಿ ಬ್ಯಾಡ ಅನ್ನೂವಂಥಾದ್ದು ಏನೋ ಇದ್ದಿರಬೇಕು. ನಾ ಅಷ್ಟು ದಡ್ಡ ಅಲ್ಲರಿ. ಆದ್ರ ತಿಳದವ್ರು ಒಬ್ಬರು ರಾಮದುರ್ಗದಾಗ ಕುಂತಾರ, ಓದ್ಯಾರ, ತೂಗಿ ನೋಡಿ ನಡೀತೈತಿ ಅಂದಾರ ಅಂತ ಆರಾಮ ಇದ್ನಿ. ಇವತ್ತ ಮುಂಜಾನಿ ಫೋನ್ ಬಂತು. ಏನಂತ ಹೇಳ್ಲಿ? ಮನಿ ಮ್ಯಾಗಿನ ತೊಲಿ ತಗದಂಗಾತು."

"ನಾ ಓದೋದು ಬಿಟ್ಟು ಮೂವತ್ತು ವರ್ಷಾತು ಸಂಗಪ್ಪನವರ. ಯರಗಟ್ಟಿ ಪೋಸ್ಟಿನ್ಯಾಗ ಕೆಲಸ ನಂದು. ಮರತೀನಿ."

"ನಿಮ್ಮ ಬಿಟ್ರ ಯಾರಿಗೂ ಕೊಡಾಂಗಿಲ್ಲ. ಓದ್ರಿ. ಏನೈತಂತ ನನಗ ಹೇಳಬ್ಯಾಡ್ರಿ. ನಾನು ಆಕಿ ಇಷ್ಟ ದಿನಾ ಬದುಕಿದ್ದು ತಪ್ಪು ಅನಿಸಿದ್ರ, ತಪ್ಪು ಅಂತ ಒಂದ ಮಾತು ಹೇಳ್ರಿ. ಇಲ್ಲಂದ್ರ ಸುಮ್ಮನಿರ್ರಿ."

ಒಳಗೆ ಅನ್ನಪೂರ್ಣಾ ಇಂದಿರಾಬಾಯಿಗೆ ಏನೋ ಹೇಳುತ್ತಿದ್ದುದು ಕೇಳಿಸಿತು. "ತಾಳಿ ಕಟ್ಟೂ ಹೊತ್ತಿನ್ಯಾಗ ನಮ್ಮಪ್ಪಗಿಂತ ಮೊದಲ ರಾಯರು ಅತ್ರು ಬಾಯಾರ..."

ಪ್ರಿಯಂವದಾ ಕಾಗದ ತೆಗೆದುಕೊಂಡಳು.

ಹನ್ನೊಂದು ಗಂಟೆಗೆ ಹೆಣವನ್ನು ಎತ್ತಿದರು. ಗಂಡಸರೆಲ್ಲ ಮಲಪ್ರಭೆಯ ದಂಡೆಗೆ ಹೋದರು. ಹೆಂಗಸರು ಮನೆ ತೊಳೆದರು. ತಲೆಯಿದ್ದ ಜಾಗದಲ್ಲಿ ದೀಪವಿಟ್ಟು, ಸ್ನಾನ ಮಾಡಿ, ಪ್ರಿಯಂವದಾ ಒದ್ದೆ ಕೂದಲಲ್ಲೇ ತಂದೆಯ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ಸೂತಕದಲ್ಲಿ ಕಾಗದ ಮುಟ್ಟಬಹುದೋ ಬಾರದೋ ಗೊತ್ತಿರಲಿಲ್ಲ.

ಮೊದಲ ಓಳಿ ಅವಳಿಗೆ ಇರುವೆಯ ಸಾಲಿನಂತೆ ಕಂಡಿತು. ಎರಡು ಸಲ ಕೈಬಿಟ್ಟಳು. ಆಮೇಲೆ ಮಂಚದ ಕೆಳಗಿನ ಪೆಟ್ಟಿಗೆ ಎಳೆದು ಆರನೆಯ ನೋಟ್‌ಬುಕ್ ತೆಗೆದಳು. ಮನೋಳಿ ಎಂದು ತಲೆಬರಹವಿದ್ದ ಪುಟದ ನಡುವೆ ಎಣ್ಣೆ ಅರಿಸಿನದ ಕಲೆಯ, ಸಂಗಪ್ಪ ಅನ್ನಪೂರ್ಣಾರ ಲಗ್ನಪತ್ರಿಕೆ ಇತ್ತು. ಪುಟದಲ್ಲಿ ಜೋಳದ ಸಂಗತಿ ಕನ್ನಡದಲ್ಲಿ. ಅದರ ಕೆಳಗೆ, ಮುಕುಂದ ಹೇಳಿದಂತೆ, ನಾಲ್ಕು ಓಳಿ ಮೋಡಿಯಲ್ಲೇ.

ಆದರೆ ಆ ಬರಹ ತಿಳಿಯದವನು ಮಾಡಿದ ನಕಲಾಗಿರಲಿಲ್ಲ. ಅಕ್ಷರಗಳೆಲ್ಲ ದುಂಡಗೆ, ಒಂದಕ್ಕೊಂದು ತಾಗದಂತೆ, ಹೊಸದಾಗಿ ಕಲಿಯುವವರಿಗೆ ಪಾಟಿಯ ಮೇಲೆ ಬರೆದುಕೊಡುವ ಹಾಗೆ ಇದ್ದವು. ಬೆರಳಿಟ್ಟು ಅವಳು ನೋಟ್‌ಬುಕ್ಕಿನಿಂದ ಕಾಗದಕ್ಕೆ, ಕಾಗದದಿಂದ ನೋಟ್‌ಬುಕ್ಕಿಗೆ ಹೋದಳು. ಒಂದು ಗಂಟೆಯಾಗಿರಬಹುದು. ಓಳಿಗಳು ಒಂದೊಂದಾಗಿ ಬಾಯಿ ಬಿಟ್ಟವು.

ಜೋಳದ ಬದಲಿಗೆ ಅಲ್ಲ, ಮಗು ಬದುಕಲೆಂದು, ಮೂರು ವರ್ಷದ ನನ್ನ ಎರಡನೆಯ ಮಗನನ್ನು ಸಂತಾನವಿಲ್ಲದ ಈ ಮನೆಗೆ ಕೊಟ್ಟಿದ್ದೇನೆ. ಇಂದಿನಿಂದ ಅವನು ಅವರ ಮಗ. ನಮ್ಮವನೆಂದು ನಾನಾಗಲಿ, ನನ್ನ ಹಿರಿಯ ಮಗನಾಗಲಿ, ಮುಂದಿನವರಾಗಲಿ ಎಂದೂ ಹೇಳತಕ್ಕದ್ದಲ್ಲ. ಹೇಳಿದರೆ ಅವನು ಎರಡೂ ಮನೆಗೆ ಇಲ್ಲದವನಾಗುತ್ತಾನೆ.

ತಲೆಮಾರು ಎಣಿಸಿದರೆ ಆ ಹಿರಿಯ ಮಗ ಸಂಗಪ್ಪನ ಮುತ್ತಜ್ಜ. ಕೊಟ್ಟ ಮಗು ಅನ್ನಪೂರ್ಣಾಳ ಮುತ್ತಜ್ಜ. ಒಡಹುಟ್ಟಿದವರು. ಅಂದರೆ ಅಣ್ಣತಮ್ಮಕಿಯ ಮನೆಗಳು. ಹೆಣ್ಣು ಕೊಟ್ಟು ತರುವ ಮಾತೇ ಇಲ್ಲ. ಆ ಮಧ್ಯಾಹ್ನ ತಂದೆ ಈ ನಾಲ್ಕು ಓಳಿ ಓದಿದ್ದರೆ ಹೊಳೆಗೆ ಬರುವ ಹುಡುಗಿ ಆ ಹುಡುಗನಿಗೆ ತಂಗಿಯಾಗಿಬಿಡುತ್ತಿದ್ದಳು.

ಪ್ರಿಯಂವದಾ ಉಳಿದ ನೋಟ್‌ಬುಕ್ಕುಗಳನ್ನೂ ತೆರೆದಳು. ಇನ್ನೊಂದೂರಿನ ಕಾಗದದ ಸಾರದಲ್ಲಿ ಒಬ್ಬ ವಿಧವೆಯ ಹೆಸರು ಮಾತ್ರ ಮೋಡಿಯಲ್ಲಿತ್ತು. ಮತ್ತೊಂದರಲ್ಲಿ ಒಂದು ಕಳವು, ಮಾಡಿದವನ ಮನೆತನ. ಎಲ್ಲವೂ ಅದೇ ದುಂಡು ಅಕ್ಷರದಲ್ಲಿ. ತಂದೆ ಒಂದನ್ನೂ ಅಳಿಸಿರಲಿಲ್ಲ. ಅವಳು ಮದುವೆಯಾಗಿ ಯರಗಟ್ಟಿಗೆ ಹೊರಟ ದಿನ ಅವರು ಕೇಳಿದ್ದು ಒಂದೇ ಮಾತು: "ಮೋಡಿ ಮರೀತೀಯೇನು?" ಬಸ್ಸಿನ ಗದ್ದಲದಲ್ಲಿ ಅವಳು ನಕ್ಕು ಕೈ ಬೀಸಿದ್ದಳು.

*

ಗಂಡಸರು ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಬಂದು ಕಟ್ಟೆಯ ಮೇಲೆ ಕುಳಿತರು. ಮಡಿವಾಳೆಪ್ಪನ ಮನೆಯಿಂದ ಚಹಾ ಬಂತು. ಸಂಗಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅನ್ನಪೂರ್ಣಾ ಲೋಟ ತೊಳೆಯುತ್ತಿದ್ದಳು.

ಮುಕುಂದ ಗಂಟುಗಳನ್ನು ಎಣಿಸಿ ಕಾರಿನಲ್ಲಿಟ್ಟು ಬಂದ. "ಇನ್ನ ನೋಟ್‌ಬುಕ್ಕಷ್ಟ, ಪ್ರಿಯಕ್ಕ. ಮುಂದಿನ ವಾರ ಪುಣೆಗೆ ಹೊಂಟೀನಿ."

"ಗಂಟು ಒಯ್ಯಿ ಮುಕುಂದಾ. ನೋಟ್‌ಬುಕ್ ಇಲ್ಲೇ ಇರಲಿ. ಕನ್ನಡದ್ದೆಲ್ಲಾ ನೀ ಆಗಲೇ ಬರಕೊಂಡೀದಿ."

"ಮೋಡಿ ಓಳಿ ಉಳದಾವಲ್ಲಾ. ಅವ ಮುಖ್ಯ."

ಕಟ್ಟೆಯವರು ಇತ್ತ ತಿರುಗಿದರು. ಮುಕುಂದ ಸುಮ್ಮನೆ ಹೋಗುವವನಲ್ಲ. ಒಂದು ಗಟ್ಟಿ ಕಾರಣ ಬೇಕಿತ್ತು. ಇದ್ದ ಗಟ್ಟಿ ಕಾರಣ ಒಂದೇ.

"ಅವು ಯಾರಿಗೂ ತೋರಿಸೋ ಹಂಗ ಇಲ್ಲೋ," ಎಂದಳು ಪ್ರಿಯಂವದಾ. "ಈಗ ನೋಡಿದೆ. ಅಕ್ಷರನ ಅಲ್ಲ ಅವು. ಅಪ್ಪಗ ಅಷ್ಟೆಲ್ಲಾ ಓದ್ಲಿಕ್ಕೆ ಬರತಿದ್ದಿಲ್ಲ. ತಿಳೀಲಾರದ ಕಡೆ ಸುಮ್ಮ ಗೀಚ್ಯಾರ. ಹೋದ ಮನಷ್ಯಾನ ತಪ್ಪು ಪುಣೆದವರ ಮುಂದ ಯಾಕ ಹರವತಿ?"

ತನ್ನ ಧ್ವನಿ ತನಗೇ ಬೇರೆ ಯಾರದೋ ಎನಿಸಿತು.

"ರಾಯರಿಗೂ ಬರಲಾರದ್ದ ಇತ್ತೇನ್ರಿ?" ಮಡಿವಾಳೆಪ್ಪ ಲೋಟ ಕೆಳಗಿಟ್ಟ. "ನಾವೇನೋ ಭಾಳ ತಿಳಕೊಂಡಿದ್ದಿವಿ."

"ಹೋಗಲಿ ಬಿಡು ಅಕ್ಕ," ಮುಕುಂದ ಅವಳ ಭುಜ ಮುಟ್ಟಿದ. ಅವನ ಮುಖದಲ್ಲಿ ನಿರಾಶೆಯೂ ಕರುಣೆಯೂ ಇತ್ತು. "ನನಗೂ ಒಳಗೊಳಗ ಅನಸ್ತಿತ್ತು. ಮಾಮಾಗ ಬಂದಷ್ಟು ಬಂತು."

ಇಂದಿರಾಬಾಯಿ ಒಳಗಿನಿಂದ ಎದ್ದು ಬಂದು ಹೊಸ್ತಿಲಲ್ಲಿ ನಿಂತರು.

"ಪ್ರಿಯಾ, ನಿಮ್ಮಪ್ಪಗ ಬರಲಾರದ್ದು ಯಾವುದಿತ್ತ?"

ಪ್ರಿಯಂವದಾ ತಾಯಿಯ ಮುಖ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದಳು. ಇಂದಿರಾಬಾಯಿ ಮಗಳಿಗೆ ಬೆನ್ನು ಮಾಡಿ ದೀಪದ ಬಳಿಗೆ ಹೋದರು.

ಕಂಬದ ಹತ್ತಿರ ಸಂಗಪ್ಪ ನೆಟ್ಟಗೆ ನಿಂತಿದ್ದ. ಪ್ರಿಯಂವದಾ ಅವನ ಕಾಗದವನ್ನು ಮಡಿಕೆಗೆ ಸರಿಯಾಗಿ ಮಡಚಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ಕೊಟ್ಟಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ತಪ್ಪು ಎಂಬ ಒಂದು ಮಾತು ಬರುವುದೋ ಎಂದು ಕಾದ. ಬರಲಿಲ್ಲ. ಅವನು ಹೊದಿಕೆಯನ್ನು ಹಣೆಗೊತ್ತಿಕೊಂಡು ಕೈಚೀಲದೊಳಗೆ ಇಳಿಸಿದ.

"ಬಸ್ಸಿನ ಹೊತ್ತಾತ್ರಿ," ಅನ್ನಪೂರ್ಣಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಸತ್ತವರ ಮನೆಯಲ್ಲಿ ಬರುತ್ತೇವೆ ಎಂದು ಹೇಳಬಾರದು. ಇಬ್ಬರೂ ಏನೂ ಹೇಳದೆ ಚಪ್ಪಲಿ ಮೆಟ್ಟಿಕೊಂಡರು.

ಪ್ರಿಯಂವದಾ ಕಿಟಕಿಯಲ್ಲಿ ನಿಂತು ನೋಡಿದಳು. ಓಣಿಯ ತಿರುವಿನ ತನಕ ಸಂಗಪ್ಪ ಎಂದಿನಂತೆ ನಾಲ್ಕು ಹೆಜ್ಜೆ ಮುಂದಿದ್ದ. ಅಲ್ಲಿ ನಿಂತ. ಅನ್ನಪೂರ್ಣಾ ಹತ್ತಿರ ಬಂದಾಗ ಅವಳ ಹೆಗಲಿನ ಚೀಲಕ್ಕೆ ಕೈ ಹಾಕಿದ.

"ಅಯ್ಯ, ಬಿಡ್ರಿ. ಮಂದಿ ನೋಡತಾರ!"

ಅವನು ಬಿಡಲಿಲ್ಲ. ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡು, ನಡಿ ಎಂಬಂತೆ ಕೈ ಮಾಡಿದ. ಅವಳು ಗೊಣಗುತ್ತ ಮುಂದೆ ಹೋದಳು. ಹೂವಿನ ಚಿತ್ತಾರದ ಹೆಂಗಸರ ಚೀಲ ಹೊತ್ತ ಅರವತ್ತರ ಆ ಗಂಡಸು, ಬಿಸಿಲಲ್ಲಿ, ಅವಳ ಹಿಂದೆ ನಡೆದ.