ಹದಿನೈದು ಪದ್ಯಗಳ ಪಾಲು

ಪದ್ಯಗಳನ್ನು ಪಾಲು ಮಾಡಿಕೊಳ್ಳುವ ಉಪಾಯ ಹೊಳೆದದ್ದು ಟ್ಯಾಮ್ಸಿನ್‌ಗೇ. ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆ ಹದಿನೈದು ಪದ್ಯ. ಪುಸ್ತಕ ಒಳಗೆ ಒಯ್ಯುವ ಹಾಗಿಲ್ಲ, ಎಲ್ಲ ತಲೆಯಲ್ಲೇ ಇರಬೇಕು. "ಎಂಟು ನಂಗೆ, ಏಳು ನಿಂಗೆ. ಪದ್ಯಕ್ಕೊಂದು ಕಾರ್ಡಿನಲ್ಲಿ ಟಿಪ್ಪಣಿ ಬರೆದು ಅದಲುಬದಲು ಮಾಡ್ಕೊಳೋಣ. ಅರ್ಧ ಕೆಲಸ ಉಳಿಯುತ್ತೆ ಕಣೇ," ಅಂದಳು ಗೆಳತಿ ಶಾನನ್‌ಗೆ. ಗ್ರಿಮ್ಸ್‌ಬಿ ಊರಿನ ಆ ಶಾಲೆಯಲ್ಲಿ ಮುಕ್ಕಾಲು ಜನ ಹೀಗೇ ಓದುತ್ತಿದ್ದದ್ದು.

ಶಾನನ್‌ಗೆ ಈ ಪರೀಕ್ಷೆ ಆಟವಾಗಿರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕೋರ್ಸಿಗೆ ಕಾಲೇಜಿನವರು ಇಂಗ್ಲಿಷಿನಲ್ಲಿ ಪಾಸಾಗಿರಬೇಕು ಅಂದಿದ್ದರು. ಭಾಷೆಯೋ ಸಾಹಿತ್ಯವೋ, ಎರಡರಲ್ಲಿ ಒಂದು ಸಾಕು. ಭಾಷೆಯ ಆಸೆಯನ್ನು ಅವಳು ಯಾವತ್ತೋ ಬಿಟ್ಟಿದ್ದಳು. ಟ್ಯಾಮ್ಸಿನ್‌ಗೇನು, ಕಣ್ಣು ಮುಚ್ಚಿಕೊಂಡು ಬರೆದರೂ ಪಾಸು.

ಗುರುವಾರ ಶಾನನ್ ತನ್ನ ಮೊದಲ ಕಾರ್ಡಿನ ಫೋಟೋ ಕಳಿಸಿದಳು. "ಈ ಮುದುಕನಿಗೆ ಸತ್ತ ಹೆಂಡತಿ ನೆನಪಾಗ್ತಾಳೆ. ಬದುಕಿದ್ದಾಗ ಮಾತೇ ಆಡಿಸ್ತಿರಲಿಲ್ಲ. ಈಗ ಅತ್ತು ಏನು ಬಂತು?" ಅಂತ ಬರೆದಿದ್ದಳು, ಅಷ್ಟೇ. ಟ್ಯಾಮ್ಸಿನ್‌ಗೆ ನಗು ತಡೆಯಲಾಗಲಿಲ್ಲ. ಅದನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿ, "ಪೇಪರ್ ತಿದ್ದೋರು ಮೂರ್ಛೆ ಹೋಗ್ತಾರೆ, ಆಂಬ್ಯುಲೆನ್ಸ್ ಕರೀರಪ್ಪೋ!" ಅಂತ ಬರೆದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅದೇ ಗುಂಪಿನಲ್ಲಿ ಶಾನನ್ ಕೂಡ ಇದ್ದಾಳೆ ಅಂತ ಈ ಮಹಾರಾಯ್ತಿಗೆ ನೆನಪಾದದ್ದು ಅವಳು ಗುಂಪು ಬಿಟ್ಟ ಮೇಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಅಳಿಸಿ ಏನು ಪ್ರಯೋಜನ? ಆದರೂ ಅಳಿಸಿದಳು.

ಶನಿವಾರ ಶಾನನ್ ಟ್ಯಾಮ್ಸಿನ್‌ಳ ಮನೆಗೇ ಬಂದಳು. "ಟ್ಯಾಮ್, ನಿನ್ ಫ್ರೆಂಡ್ ಬಂದಿದಾಳೆ ನೋಡು!" ಅಂತ ಅಮ್ಮ ಡೆನೀಸ್ ಮಹಡಿ ಹತ್ತಿ ಬಂದು ಕರೆದಳು.

"ಇಲ್ಲ ಅನ್ನಮ್ಮ."

"ನಿನ್ ಶೂ ಬಾಗಿಲಲ್ಲೇ ಬಿದ್ದಿದೆಯಲ್ಲೇ! ಹೇಗೆ ಇಲ್ಲ ಅನ್ಲಿ?"

"ಏನಾದ್ರೂ ಹೇಳಮ್ಮ, ಪ್ಲೀಸ್!"

ಡೆನೀಸ್ ಏನು ಹೇಳಿದಳೋ. ತಿರುಗಿ ಬಂದವಳ ಕೈಯಲ್ಲಿ ಏಳು ಕಾರ್ಡುಗಳಿದ್ದವು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿದ್ದು. "ಮಾತಿನ ಪ್ರಕಾರ ತಂದ್ಕೊಟ್ಟಿದೀನಿ ಅಂದ್ಲು. ಏನ್ ಮಾಡಿದೀಯ ಅವ್ಳಿಗೆ? ಮುಖ ಸಪ್ಪಗಿತ್ತು," ಅಂದಳು.

ಟ್ಯಾಮ್ಸಿನ್‌ಳ ಎಂಟು ಕಾರ್ಡು ಮೇಜಿನ ಮೇಲೆ ಸಿದ್ಧವಾಗಿ ಕೂತಿದ್ದವು. ಭಾನುವಾರ ಅವನ್ನು ಹಿಡಿದು ಶಾನನ್‌ಳ ಬೀದಿಯ ತಿರುವಿನ ತನಕ ಹೋದಳು. ಕಾರ್ಡು ಕೊಡಬೇಕಾದರೆ ತಪ್ಪಾಯಿತು ಅನ್ನಬೇಕು. ನಾಲಿಗೆ ಏಳಲಿಲ್ಲ. ಅವಳಿಗೆ ಬೇಕಾದರೆ ಅವಳೇ ಕೇಳಲಿ ಅಂದುಕೊಂಡು ವಾಪಸು ಬಂದಳು. ಅಯ್ಯೋ, ಹತ್ತು ಮನೆ ದಾಟಿದ್ದರೆ ಆಗುತ್ತಿತ್ತು!

ಸೋಮವಾರ ಶಾಲೆಯ ಆಟದ ಹಾಲಿನಲ್ಲಿ ಒಂಟಿ ಮೇಜುಗಳ ಸಾಲು. ಪೇಪರಿನಲ್ಲಿ ಅಚ್ಚಾಗಿದ್ದ ಪದ್ಯ ಟ್ಯಾಮ್ಸಿನ್‌ಳ ಪಾಲಿನದು. ಅದನ್ನು ಇನ್ನೊಂದು ಪದ್ಯದ ಜೊತೆ ಹೋಲಿಸಿ ಬರೆಯಬೇಕು. ಅವಳು ಶಾನನ್‌ಳ ಮುದುಕನನ್ನೇ ಆರಿಸಿದಳು, ಯಾಕೆಂದರೆ ಹದಿನೈದರಲ್ಲಿ ನಿಜವಾಗಿ ಅರ್ಥವಾಗಿದ್ದದ್ದು ಅದೊಂದೇ. ನಾಲ್ಕು ಪುಟ ತುಂಬಿಸಿ ತಲೆ ಎತ್ತಿದರೆ, ಮೂರು ಸಾಲು ಮುಂದೆ ಶಾನನ್ ಪೆನ್ನು ಕೆಳಗಿಟ್ಟು ನೀರಿನ ಬಾಟಲಿಯ ಮೇಲೆ ಚೀಟಿ ಕಿತ್ತು ಉಳಿದ ಅಂಟನ್ನು ಉಗುರಿನಿಂದ ಕೆರೆಯುತ್ತಿದ್ದಳು. ಇನ್ನೂ ಅರ್ಧ ಗಂಟೆ ಬಾಕಿ ಇತ್ತು.

ಗೇಟಿನ ಹತ್ತಿರ ಶಾನನ್ ತಾನಾಗಿಯೇ ನಿಂತಳು. "ಬಂದದ್ದು ನಿನ್ ಪಾಲಿಂದು, ಅಲ್ವಾ? ಕ್ಲಾಸಲ್ಲಿ ಅದನ್ನ ಗಡಿಬಿಡೀಲಿ ಓಡಿಸಿಬಿಟ್ಟಿದ್ರು, ನಂಗೆ ತಲೆಬುಡ ಗೊತ್ತಾಗ್ಲಿಲ್ಲ. ಕಾಲೇಜು ಇಲ್ಲ ಅಂತ್ಲೇ ಲೆಕ್ಕ."

"ಶಾನನ್, ಆ ಕಾರ್ಡು..."

"ನೀನು ಬರೆದು ಮುಗಿಸಿಲ್ಲ ಅಂತ ಗೊತ್ತಿತ್ತು ಕಣೇ. ಮುಗಿಸಿದ್ರೆ ಕೊಡದೆ ಇರ್ತಿದ್ಯಾ? ಏನೇ ಜಗಳ ಇದ್ರೂ ಅಷ್ಟು ಕೆಟ್ಟವಳಲ್ಲ ನೀನು. ಅದಕ್ಕೇ ಕೇಳಿ ನಿನ್ನ ಪೇಚಿಗೆ ಸಿಕ್ಕಿಸೋದು ಬೇಡ ಅಂತ ಸುಮ್ನಿದ್ದೆ."

ಎಂಟೂ ಕಾರ್ಡು ಟ್ಯಾಮ್ಸಿನ್‌ಳ ಹೆಗಲ ಚೀಲದಲ್ಲೇ ಇದ್ದವು. ನಿಜ ಹೇಳಬೇಕು ಅಂತ ಬಾಯಿ ತೆರೆದಳು.

"ಹೂಂ," ಅಂದಳು. "ಮುಗಿದಿರ್ಲಿಲ್ಲ."

"ಹೋಗ್ಲಿ ಬಿಡೇ," ಅಂದಳು ಶಾನನ್, ಅವಳ ಬೆನ್ನು ಸವರಿ. "ನೀನ್ಯಾಕೆ ಅಳ್ತೀಯ?"