ಅಭೇದ್ಯ ಹಡಗಿನ ಬ್ರೇಕು

ದೊಡ್ಡ ಹಡಗು ತರುವವರನ್ನು ಕಂಡರೆ ನನಗೆ ಮೊದಲಿಂದಲೂ ಮೈಯುರಿ. ನಮ್ಮ ಆಟದಲ್ಲಿ ಹಡಗೆಂದರೆ ನಕ್ಷತ್ರಗಳ ನಡುವೆ ಓಡಾಡುವ ಹಡಗು. ಭಾನುವಾರ ಮಧ್ಯಾಹ್ನ ನನ್ನ ಕನ್ನಡಕದ ಅಂಗಡಿಯ ಷಟರ್ ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಕೂತು ಒಂದೇ ಕಥೆಯನ್ನು ಸೇರಿ ಹೇಳುತ್ತೇವೆ. ಕಾಯಿ ಇಲ್ಲ, ದಾಳ ಇಲ್ಲ, ಬರೀ ಮಾತು. ಒಬ್ಬೊಬ್ಬರದು ಒಂದೊಂದು ಪಾತ್ರ. ಒಂದು ಪಕ್ಕ ಗಾಜು ಅರೆಯುವ ಯಂತ್ರ, ಇನ್ನೊಂದು ಪಕ್ಕ ಕಣ್ಣು ಪರೀಕ್ಷೆಯ ಅಕ್ಷರಗಳ ಫಲಕ, ನಡುವೆ ನಮ್ಮ ಮೇಜು. ತೀರ್ಪು ಹೇಳುವವಳು ನಾನು.

ಮೇಜಿಗೆ ಎರಡು ಕಟ್ಟಳೆ. ಒಂದು, ಗಟ್ಟಿ ಮುಚ್ಚಳದ ಖಾಲಿ ಕನ್ನಡಕದ ಡಬ್ಬಿ. ಮಾತಾಡುವವರು ಅದನ್ನು ತೆರೆದು ಹಿಡಿದಿರುತ್ತಾರೆ, ಮುಗಿದ ಮೇಲೆ ಟಕ್ಕೆಂದು ಮುಚ್ಚುತ್ತಾರೆ. ಮುಚ್ಚಿದರೆ ಹೇಳಿದ್ದು ನಡೆದುಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಯಾರು ಗೋಗರೆದರೂ ನಾನು ಕೇಳುವವಳಲ್ಲ. ಇನ್ನೊಂದು, ದೊಡ್ಡದನ್ನು ತರುವವರು ಅದರ ಭಾರವನ್ನೂ ಹೊತ್ತು ತರಬೇಕು. ಅದಕ್ಕೆ ಹೊಟ್ಟೆಗೆ ಏನು ಬೇಕು, ಅದು ಎಲ್ಲಿ ನುಗ್ಗಲಾರದು, ಯಾವುದಕ್ಕೆ ಮುರಿಯುತ್ತದೆ, ಎಲ್ಲವನ್ನೂ ತಂದವರೇ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಆನೆ ನಡೆದದ್ದೇ ದಾರಿ ಅನ್ನುವಂತಾಗಿ, ಉಳಿದವರು ಆಕಳಿಸುತ್ತ ಕೂರಬೇಕಾಗುತ್ತದೆ.

ಹೋದ ತಿಂಗಳು ಅಂಥದೊಂದನ್ನು ತಂದವನು ನನ್ನ ಅಣ್ಣ. ಲಿಫ್ಟ್ ರಿಪೇರಿ ಅವನ ಕಸುಬು; ಭಾರ, ಹಗ್ಗ, ಬ್ರೇಕು ಅಂದರೆ ಊಟ ಮರೆಯುತ್ತಾನೆ. ಅವನ ಯುದ್ಧದ ಹಡಗು ಒಂದು ಊರಿನಷ್ಟು ಉದ್ದ. ಹೆಸರು ‘ಅಭೇದ್ಯ’. ನಮ್ಮ ನಾಲ್ಕನೆಯವರಾದ ಹಲ್ಲಿನ ಡಾಕ್ಟರು ಆ ಹೆಸರು ಕೇಳಿದವರೇ ಅದಕ್ಕೆ ‘ದೊಡ್ಡಣ್ಣ’ ಎಂದು ಅಡ್ಡಹೆಸರಿಟ್ಟರು. ಅಣ್ಣ ನಗಲಿಲ್ಲ. ಕಟ್ಟಳೆಯಂತೆ ಕುಂದುಗಳನ್ನು ಮಾತ್ರ ನಿಯತ್ತಾಗಿ ಹೇಳಿದ. ಪೂರ್ತಿ ವೇಗದಲ್ಲಿರುವಾಗ ಅದನ್ನು ನಿಲ್ಲಿಸಲು ಒಂದು ಇಡೀ ದಿನ ಬೇಕು. ವೇಗದಲ್ಲಿರುವಾಗ ಸರಕ್ಕನೆ ತಿರುಗಿಸಿದರೆ ನಡುವಿನ ತೊಲೆ ಮುರಿಯುತ್ತದೆ. ಇಷ್ಟು ಹೇಳಿ ಡಬ್ಬಿ ಮುಚ್ಚಿದ್ದ.

ಆ ಹಡಗು ಯಾರಿಗಾಗಿ ಬಂದಿದೆ ಎಂಬುದು ನಾಲ್ವರಿಗೂ ಗೊತ್ತಿತ್ತು. ಅಣ್ಣನಿಗಿಂತ ಚಿಕ್ಕವಳು, ನನಗಿಂತ ದೊಡ್ಡವಳು ನಮ್ಮ ಅಕ್ಕ. ಆಟದಲ್ಲಿ ಅವಳದು ಗೂಡು ಎಂಬ ಪುಟ್ಟ ನಿಲ್ದಾಣ. ಒಡೆದ ಹಡಗು ಯಾರದೇ ಇರಲಿ, ಅಲ್ಲಿ ದುರಸ್ತಿ ಮಾಡಿಕೊಡುತ್ತಾರೆ. ಅಕ್ಕ ಹೋದ ವರ್ಷ, ತಲೆಗೂದಲು ಅರ್ಧ ನೆರೆತ ಮೇಲೆ, ಗಡಿಯಾರ ರಿಪೇರಿ ಮಾಡುವ ಒಬ್ಬರನ್ನು ಮದುವೆಯಾದಳು. ರುಜು ಹಾಕಿ ಬಂದ ಮೇಲೆ ಅಣ್ಣನಿಗೆ ಹೇಳಿದಳು. ಅಂದಿನಿಂದ ಅಣ್ಣ ಅವಳ ಹೊಸಿಲು ತುಳಿದಿಲ್ಲ, ಬೀದಿಯಲ್ಲಿ ಸಿಕ್ಕರೂ ಮಾತಿಲ್ಲ. ಭಾನುವಾರ ಮಾತ್ರ ಇಬ್ಬರೂ ತಪ್ಪದೆ ಬರುತ್ತಿದ್ದರು. ಅವನು ಕಪ್ತಾನ, ಅವಳು ಗೂಡಿನ ಒಡತಿ. ಬಹುವಚನದಲ್ಲಿ, ಪಾತ್ರಗಳ ಬಾಯಲ್ಲಿ, ಅಷ್ಟೇ ಮಾತು. ಈಚೆಗೆ ಅಕ್ಕ ಗೂಡಿನೊಳಗೆ ಒಬ್ಬ ಗಡಿಯಾರದವನನ್ನು ಸೇರಿಸಿಕೊಂಡಿದ್ದಳು. ಅದರ ಮುಂದಿನ ವಾರವೇ ಅಭೇದ್ಯ ಬಂದದ್ದು.

ಅಭೇದ್ಯ ಬಂದ ಮರು ಭಾನುವಾರ ಅಕ್ಕ ಎಲ್ಲರಿಗಿಂತ ಮೊದಲು ಬಂದು, ಕುರ್ಚಿ ಎಳೆಯುತ್ತ, “ಅವನ ಹಡಗು ನನ್ನ ಗೂಡನ್ನ ಮುಟ್ಟಿದ್ರೆ ಮುಂದಿನ ವಾರದಿಂದ ನಾನು ಬರಲ್ಲ ಕಣೆ,” ಎಂದಳು. ಆಟಕ್ಕೆ ಹೇಳಿದ ಮಾತಲ್ಲ ಅದು. ಒಡಹುಟ್ಟಿದವರೆಂದು ನನಗಿರುವುದು ಅವರಿಬ್ಬರೇ, ಅವರಿಬ್ಬರ ನಡುವೆ ಉಳಿದಿರುವುದು ಈ ಮೇಜೊಂದೇ.

ಅಣ್ಣ ಬಂದ. ಮುಖ ಬಿಗಿದುಕೊಂಡೇ ಡಬ್ಬಿ ತೆರೆದ. ಅಭೇದ್ಯ ಪೂರ್ತಿ ವೇಗದಲ್ಲಿ ನೇರ ಗೂಡಿನತ್ತ ಹೊರಟಿದೆ, ಅರ್ಧ ದಿನದಲ್ಲಿ ಬಾಗಿಲಲ್ಲಿರುತ್ತದೆ ಎಂದ. ಕಪ್ತಾನನ ದನಿಯಲ್ಲಿ, “ಆ ಗಡಿಯಾರದವನನ್ನ ಹೊರಗೆ ಕಳಿಸಿ. ಇಲ್ಲದಿದ್ರೆ ಆಗೋದಕ್ಕೆ ನೀವೇ ಹೊಣೆ,” ಎಂದು ಟಕ್ಕೆಂದು ಮುಚ್ಚಿದ.

ಅಕ್ಕ ಡಬ್ಬಿಗೆ ಕೈ ಚಾಚಲಿಲ್ಲ. ಹಲ್ಲಿನ ಡಾಕ್ಟರು ನನ್ನ ಮುಖ ನೋಡಿದರು. ಪಾಪ, ಅವರಿಗೆ ಜಗಳ ಅಂದರೆ ಆಗದು. ಆದರೂ ಕೆಮ್ಮಿ, ಮೆಲ್ಲಗೆ ಹೇಳಿಯೇಬಿಟ್ಟರು. “ಸಾರ್, ನಿಲ್ಸೋಕೆ ಒಂದು ದಿನ ಬೇಕು ಅಂದಿದ್ರಿ. ಈಗ ಅರ್ಧ ದಿನದ ದೂರ ಅಂತೀರಿ. ಅದು ಇನ್ನು ನಿಲ್ಲಲ್ಲ.”

ಅಣ್ಣನ ಮುಖದ ಬಣ್ಣ ಇಳಿಯಿತು. ನನಗೆ ಆಗ ಎಲ್ಲ ತಿಳಿಯಿತು. ಗೂಡಿನ ಬಾಗಿಲವರೆಗೆ ಗುಡುಗಿಕೊಂಡು ಹೋಗಿ, ಅಕ್ಕ ಹೆದರಿ ಒಂದು ಮಾತು ಬೇಡಿಕೊಂಡರೆ ಅಲ್ಲೇ ನಿಲ್ಲಿಸೋಣ ಎಂದುಕೊಂಡಿದ್ದ. ಒಡೆಯುವ ಮನಸ್ಸು ಅವನಿಗೆ ಇರಲೇ ಇಲ್ಲ. ಬ್ರೇಕಿನ ಲೆಕ್ಕವನ್ನು ತಾನೇ ಹೆಮ್ಮೆಯಿಂದ ಹೇಳಿ, ಸಿಟ್ಟಿನಲ್ಲಿ ತಾನೇ ಮರೆತಿದ್ದ. ಬೇರೆಯವರ ಲಿಫ್ಟಿನಲ್ಲಿ ಈ ತಪ್ಪನ್ನು ಅವನು ಜನ್ಮದಲ್ಲಿ ಮಾಡುತ್ತಿರಲಿಲ್ಲ.

ಅವನು ನನ್ನತ್ತ ತಿರುಗಿ, ಇಷ್ಟು ದೊಡ್ಡ ಹಡಗಿಗೆ ಆಪತ್ತಿಗೆಂದು ಇನ್ನೊಂದು ಬ್ರೇಕು ಇರುವುದಿಲ್ಲವೇ ಎಂದು ತಡವರಿಸಿ ಕೇಳಿದ. ಇದೆ ಎಂದರೆ ಮುಗಿದಿತ್ತು. ಕಟ್ಟಳೆ ಮಾಡಿದವಳು ನಾನು, ಮುರಿದರೆ ಕೇಳುವವರು ಯಾರು? ನಾಲಿಗೆಯ ತುದಿಗೆ ಬಂದಿತ್ತು. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಆಟವೂ ಬೇಕಿರಲಿಲ್ಲ, ಕಟ್ಟಳೆಯೂ ಬೇಕಿರಲಿಲ್ಲ.

“ಬೇಡ,” ಎಂದಳು ಅಕ್ಕ. “ಇಲ್ಲದಿರೋ ಬ್ರೇಕ್ ಹಾಕಿ ನನ್ನನ್ನ ಉಳಿಸ್ಬೇಡಿ.”

ಅವಳು ಡಬ್ಬಿ ಎಳೆದುಕೊಂಡು ತೆರೆದಳು. ಗೂಡಿನಲ್ಲಿರುವ ಚಿಕ್ಕ ದೋಣಿಗಳಲ್ಲಿ ಆದಷ್ಟು ಜನರನ್ನು ದೂರ ಕಳಿಸಿದಳು. ದೋಣಿಗಳು ಸಾಲವು. ಒಡತಿ ಉಳಿದಳು, ಗಡಿಯಾರದವನೂ ಉಳಿದ; ಅವನನ್ನು ಹೊರಗೆ ಕಳಿಸುವುದಿಲ್ಲ. ಟಕ್.

ಇನ್ನು ಅಣ್ಣನ ಸರದಿ. ಅವನು ಏನೂ ಹೇಳದಿದ್ದರೆ ಹಡಗು ಬಡಿಯುತ್ತದೆ, ಬಡಿಯಿತು ಎಂದು ನಾನೇ ಹೇಳಬೇಕಾಗುತ್ತದೆ. ಹೊರಗೆ ಬೀದಿಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಅಣ್ಣ ಡಬ್ಬಿಯನ್ನು ತೆರೆದ. ಕಪ್ತಾನನ ದನಿಯಲ್ಲೇ ಕೇಳಿದ. ಆದರೆ ಅದು ಕಪ್ತಾನನ ಪ್ರಶ್ನೆಯಾಗಿರಲಿಲ್ಲ.

“ಆ ಮನುಷ್ಯನ್ನ ಒಳಗೆ ಸೇರಿಸ್ಕೊಳ್ಳೋ ಮುಂಚೆ ನಮಗೆ ಒಂದು ಮಾತು ಯಾಕೆ ಹೇಳ್ಲಿಲ್ಲ?”

ಡಬ್ಬಿ ಅವನ ಕೈಯಲ್ಲಿತ್ತು. ಕಟ್ಟಳೆಯಂತೆ ಅಕ್ಕ ಉತ್ತರಿಸುವಂತಿರಲಿಲ್ಲ. ನಾನು ತಡೆಯಲಿಲ್ಲ.

“ಹೇಳಿದ್ರೆ ನೀವು ಬೇಡ ಅಂತಿದ್ರಿ,” ಎಂದಳು. “ಬೇಡ ಅಂದ್ಮೇಲೆ ಸೇರಿಸ್ಕೊಂಡಿದ್ರೆ ನಿಮ್ಮ ಮಾತು ಮೀರಿದ ಹಾಗಾಗ್ತಿತ್ತು. ನಾನು ಯಾವತ್ತೂ ನಿಮ್ಮ ಮಾತು ಮೀರಿದವಳಲ್ಲ. ಅದಕ್ಕೇ ಕೇಳ್ಲಿಲ್ಲ.”

ಅಣ್ಣ ತಲೆ ತಗ್ಗಿಸಿದ. ಅವನ ಕಣ್ಣು ನೋಡಲು ನನಗೆ ಧೈರ್ಯವಾಗಲಿಲ್ಲ. ನಮ್ಮಣ್ಣ ಬಗ್ಗಿದವನಲ್ಲ, ಹಿಡಿದ ಹಟಕ್ಕೆ ಮನೆಯಲ್ಲಿ ಎಲ್ಲರೂ ಸುತ್ತು ಹಾಕಿಕೊಂಡು ಓಡಾಡಿದ್ದೇ ಹೆಚ್ಚು. ಅವನು ಮಾತು ಶುರು ಮಾಡಿದಾಗ ದನಿ ಕೆಳಗಿಳಿದಿತ್ತು. ನಡುಭಾಗದಲ್ಲಿರುವವರೆಲ್ಲ ಹಡಗಿನ ಎರಡು ತುದಿಗಳಿಗೆ ಹೋಗಬೇಕು, ಒಳಬಾಗಿಲುಗಳನ್ನು ಭದ್ರ ಮಾಡಬೇಕು ಎಂದು ಕಪ್ತಾನ ಆಜ್ಞೆ ಮಾಡಿದ. ಒಬ್ಬರೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ.

“ಈಗ ಪೂರ್ತಿ ತಿರುಗಿಸ್ತೀನಿ,” ಎಂದ. “ತೊಲೆ ಮುರಿಯುತ್ತೆ. ಗೊತ್ತಿದ್ದೇ ಮಾಡ್ತಿದೀನಿ. ಮುರಿದ್ರೆ ಎರಡು ತುಂಡು ಎರಡು ಪಕ್ಕಕ್ಕೆ ಹೋಗುತ್ತೆ, ಗೂಡು ನಡುವೆ ಉಳಿಯುತ್ತೆ.”

ಮುಚ್ಚುವ ಮುನ್ನ ಒಮ್ಮೆ ನನ್ನತ್ತ ನೋಡಿದ. ಆ ಹಡಗಿನ ಒಂದೊಂದು ಮೊಳೆಯನ್ನೂ ಅವನು ಎಷ್ಟು ಅಕ್ಕರೆಯಿಂದ ಹೇಳಿದ್ದನೆಂದು ನನಗೆ ಗೊತ್ತು. ಟಕ್.

ಇದನ್ನು ನಂಬಬಹುದೇ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಿದೆ. ಕುಂದನ್ನು ಅವನು ಮೊದಲೇ ಹೇಳಿದ್ದ, ಬೆಲೆಯನ್ನೂ ತಾನೇ ತೆತ್ತಿದ್ದ, ಎಲ್ಲೂ ಮೋಸವಿರಲಿಲ್ಲ. ತೀರ್ಪು ಹೇಳಿದೆ: ಹಡಗು ಮುರಿಯಿತು, ಗೂಡಿಗೆ ಒಂದು ಗೀರೂ ಬೀಳಲಿಲ್ಲ. ಆದರೆ ತುಂಡುಗಳೂ ನಿಲ್ಲಲಾರವು. ಅವು ಗೂಡನ್ನು ದಾಟಿ ಬಹಳ ದೂರ ಹೋಗಿವೆ, ಎಳೆದು ತರಲು ತಿಂಗಳುಗಟ್ಟಲೆ ಹಿಡಿಯುತ್ತದೆ.

ಡಾಕ್ಟರು ಉಸಿರು ಬಿಟ್ಟು, ಇಷ್ಟು ದೊಡ್ಡ ಹಲ್ಲು ಕಿತ್ತದ್ದನ್ನು ತಾವು ನೋಡಿಯೇ ಇರಲಿಲ್ಲ ಎಂದರು. ಯಾರೂ ನಗಲಿಲ್ಲ. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು ಡಬ್ಬಿ ತೆರೆದಳು.

“ಒಡೆದ ಹಡಗು ಯಾರದಾದ್ರೂ ಗೂಡಿನ ಬಾಗಿಲು ತೆರೆದಿರುತ್ತೆ. ಎಳ್ಕೊಂಡು ಬನ್ನಿ. ಎಷ್ಟು ತಡ ಆದ್ರೂ ಕಾಯ್ತೀವಿ,” ಎಂದು ಮುಚ್ಚಿದಳು.

ಅಣ್ಣ ಡಬ್ಬಿಯನ್ನು ಮತ್ತೆ ತನ್ನ ಕಡೆ ಎಳೆದುಕೊಂಡ. ತೆರೆದು, ಒಳಗಿನ ನೀಲಿ ಬಟ್ಟೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೂತ.

“ಹಡಗು ಬರೋದು ತಡ ಆಗುತ್ತೆ,” ಎಂದ. ಈಗ ಆ ದನಿಯಲ್ಲಿ ಕಪ್ತಾನ ಇರಲಿಲ್ಲ. “ನಾನು ನಾಳೆ ನಿನ್ನ ಮನೆಗೆ ಬರ್ಲಾ?”

ಡಾಕ್ಟರು ಎದ್ದು ಗೋಡೆಯ ಫಲಕದ ಕೊನೆಯ ಸಾಲಿನ ಸಣ್ಣ ಅಕ್ಷರಗಳನ್ನು ಓದತೊಡಗಿದರು. ನಾನು ಅಕ್ಕನನ್ನೇ ನೋಡುತ್ತಿದ್ದೆ.

“ಅವರೂ ಇರ್ತಾರೆ, ಅಣ್ಣ,” ಎಂದಳು ಅಕ್ಕ.

“ಇರ್ಲಿ,” ಎಂದು ಅಣ್ಣ ಡಬ್ಬಿಯನ್ನು ಟಕ್ಕೆಂದು ಮುಚ್ಚಿದ.